ಮಾವನ ರಕ್ತದ ಔಟ್‌ಟರ್ನ್

ಗೋಣಿಕೊಪ್ಪದ ಕಾಫಿ ಅಂಗಡಿಯಲ್ಲಿ ತೇವ ಅಳೆಯುವ ಮಾಯಿಶ್ಚರ್ ಮೀಟರ್ 11ರ ಬದಲು 12 ತೋರಿಸಿದರೆ ನಮ್ಮ ಮಾವ ಚೀಲಗಳನ್ನು ವಾಪಸ್ ಜೀಪಿಗೆ ಹೇರಿಸುತ್ತಾರೆ. ಔಟ್‌ಟರ್ನ್ (ಒಣಗಿಸಿದ ಹಣ್ಣಿನ ಚೀಲವೊಂದರಿಂದ ಸಿಗುವ ಕಾಫಿ ಬೀಜದ ತೂಕ) 27 ಬರಬೇಕಾದ ರೋಬಸ್ಟಾ ಚೆರಿ 26 ಬಂತೋ, ಆ ವ್ಯಾಪಾರಿಯ ಅಜ್ಜನ ತಕ್ಕಡಿಯ ಚರಿತ್ರೆಯೂ ಹೊರಬರುತ್ತದೆ. ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ಮನುಷ್ಯ. ಪಕ್ಕದ ತೋಟದವರು ಐದು ಸೆಂಟು ಜಾಸ್ತಿ ಹೇಳಿದರೆ ಅವರ ಮಳೆಮಾಪಕವನ್ನೇ ಪರೀಕ್ಷಿಸಿ ಬರುತ್ತಾರೆ.

ಇಂಥವರು ಕಳೆದ ಹುತ್ತರಿಯ ಹೊತ್ತಿಗೆ ತಮ್ಮ ರಕ್ತವನ್ನು ಮಾತ್ರ ತುಟಿಪಿಟಿಕ್ಕೆನ್ನದೆ ಕೊಟ್ಟು ಬಂದರು. ಹಬ್ಬದ ಆಫರ್ ಅಂತೆ! ಸಕ್ಕರೆ, ಕೊಲೆಸ್ಟರಾಲ್ ಜೊತೆಗೆ ಕ್ಯಾನ್ಸರ್ ಪ್ಯಾಕೇಜ್ ಅರ್ಧ ಬೆಲೆಗೆ. ಅತ್ತೆಗೂ ಒಂದು. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆಂದು ರಕ್ತದಲ್ಲಿ ನೋಡುವ ಪಿಎಸ್‌ಎ ಮಾವನಿಗೆ 4.2 ಬಂತು, ಪಕ್ಕದಲ್ಲಿ ಕೆಂಪು ಬಾಣ. ಆ ಸಲ ಮನೆಯಲ್ಲಿ ಹುತ್ತರಿ ಗೆಣಸು ಬೇಯಲೇ ಇಲ್ಲ. ಮೂರನೇ ದಿನ ಮೈಸೂರಿನ ಇನ್ನೊಂದು ಲ್ಯಾಬಿನಲ್ಲಿ 3.3. ಬಾಣ ಮಾಯ. ಇಗ್ಗುತ್ತಪ್ಪನಿಗೆ ಹೊತ್ತ ಹರಕೆ ಫಲಿಸಿತು ಎಂದರು ಅತ್ತೆ.

ಹರಕೆಗೆ ಅಡ್ಡ ಬರುವುದು ಬೇಡವೆಂದು ನಾನು ಸುಮ್ಮನಿದ್ದೆ. ಸಂಗತಿ ಏನೆಂದರೆ, ಪಿಎಸ್‌ಎ ಅಳೆಯುವ ಕಿಟ್‌ಗಳಲ್ಲಿ ಎರಡು ಪಂಗಡ. ಕೆಲವು ಹೈಬ್ರಿಟೆಕ್ ಕಂಪನಿಯ ಹಳೆಯ ಅಳತೆಗೆ ಹೊಂದಿಕೊಂಡಿವೆ. ಇನ್ನು ಕೆಲವು, 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಮಾದರಿಗೆ. ಅದೇ ರಕ್ತ ಎರಡನೆಯದರಲ್ಲಿ ಶೇ 20–25ರಷ್ಟು ಕಡಿಮೆ ತೋರಿಸುತ್ತದೆ. ಹಳೆಯ 4 ಅಂದರೆ ಹೊಸದರ ಸುಮಾರು 3.1. ಮೈಸೂರಿನದು ಹೊಸ ಪಂಗಡದ್ದಾದರೆ ಮಾವ ಅಲ್ಲೂ ಗೆರೆ ದಾಟಿಯೇ ಇದ್ದಾರೆ. (ದಾಟಿದ್ದೆಲ್ಲ ಕ್ಯಾನ್ಸರ್ ಅಲ್ಲ, ವಯಸ್ಸಿಗೆ ದಪ್ಪಗಾದ ಪ್ರಾಸ್ಟೇಟ್ ಕೂಡ ಅದನ್ನು ಏರಿಸುತ್ತದೆ. ಅದನ್ನು ಕೆಂಪು ಬಾಣ ಹೇಳುವುದಿಲ್ಲ.) ಆದರೆ ಎರಡೂ ವರದಿಯಲ್ಲಿ ಅಚ್ಚಾಗಿರುವುದು ‘0–4 ನಾರ್ಮಲ್’. ಯಾವ ಕಿಟ್ ಎಂಬುದಿಲ್ಲ. ಹತ್ತು ಶಾಖೆಗಳ ಫೋನ್ ನಂಬರ್ ಇದೆ. ಒಂದಕ್ಕೆ ಮಾಡಿದೆ.

“ಪಿಎಸ್‌ಎ ಯಾವ ಕಿಟ್ಟಲ್ಲಿ ಮಾಡ್ತೀರಿ?”

“ಒರಿಜಿನಲ್ಲೇ ಸಾರ್.”

ಪಿಎಸ್‌ಎಗೆ ಒಂದು ಮಾದರಿಯಾದರೂ ಉಂಟು. ಅತ್ತೆಯ ಪ್ಯಾಕೇಜಿನಲ್ಲಿದ್ದ, ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ 125ಕ್ಕೆ, ಮೇದೋಜೀರಕದ್ದಕ್ಕೆ ನೋಡುವ ಸಿಎ 19-9ಕ್ಕೆ ಅಂತಾರಾಷ್ಟ್ರೀಯ ಮಾದರಿಯೇ ಇಲ್ಲ. ಕಂಪನಿಗೊಂದು ಸೇರು, ಆದರೆ ಸಿಎ 125ರ ‘35ರೊಳಗೆ ನಾರ್ಮಲ್’ ಎಂಬ ಗೆರೆ ಮಾತ್ರ ಊರಿಗೆಲ್ಲ ಒಂದೇ. ಮೇಲಾಗಿ ಸಿಎ 125 ಮುಟ್ಟಿನ ದಿನಗಳಲ್ಲೂ ಏರುತ್ತದೆ, ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಕರುಳಿನ ಕ್ಯಾನ್ಸರಿಗೆ ನೋಡುವ ಸಿಇಎ ಸಿಗರೇಟು ಸೇದುವವರಲ್ಲಿ ಸುಮ್ಮನೆ ಮೇಲಿರುತ್ತದೆ. ಸಿಎ 19-9 ಅನ್ನಂತೂ ನೂರರಲ್ಲಿ ಐದರಿಂದ ಹತ್ತು ಮಂದಿಯ ದೇಹ ತಯಾರಿಸುವುದೇ ಇಲ್ಲ. ಮೇದೋಜೀರಕದಲ್ಲಿ ಗಡ್ಡೆ ಕೂತಿದ್ದರೂ ಅಂಥವರ ವರದಿ ಹಚ್ಚಹಸಿರು. ಇವೆಲ್ಲ ಹೆಚ್ಚಾಗಿ, ಚಿಕಿತ್ಸೆ ಆದವರಲ್ಲಿ ರೋಗ ಮರಳುತ್ತಿದೆಯೇ ಎಂದು ಕಾಯಲು ಇರುವ ಟೆಸ್ಟುಗಳು. ಅವರ ಪಾಡು ಕೇಳಿ. ಆಪರೇಷನ್ ಮಂಗಳೂರಿನಲ್ಲಿ, ಒಂದು ಟೆಸ್ಟು ವಿರಾಜಪೇಟೆಯಲ್ಲಿ, ಮಳೆಗೆ ರಸ್ತೆ ಕುಸಿದಿದ್ದರಿಂದ ಮುಂದಿನದು ಕುಶಾಲನಗರದಲ್ಲಿ. ಅಂಕಿ ಏರಿದರೆ ಏರಿದ್ದು ಗಡ್ಡೆಯೋ ಕಿಟ್ಟೋ? ಒಂದೇ ಲ್ಯಾಬಿನಲ್ಲಿ ಮಾಡಿಸಿ ಎಂದು ಡಾಕ್ಟರು ಹೇಳುತ್ತಾರೆ. ಒಂದೇ ಲ್ಯಾಬು ಹೋದ ತಿಂಗಳು ಕಂಪನಿ ಬದಲಿಸಿದ್ದನ್ನು ಯಾರು ಹೇಳಬೇಕು?

ಸಂತೆಯಲ್ಲಿ ಹಸಿಮೆಣಸು ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು, ಇಲ್ಲದಿದ್ದರೆ ದಂಡ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕಿದ್ದರೆ ಪಡೆಯಬಹುದು, ಬೇಡವಾದರೆ ಬಿಡಬಹುದು. ಮೆಣಸಿನಕಾಯಿಗೆ ನಮ್ಮಲ್ಲಿ ಅಷ್ಟು ಬೆಲೆ.

ಚೆರಿ ಮಾರುವ ಹೊತ್ತಿಗೆ ಇಷ್ಟನ್ನೂ ಮಾವನಿಗೆ ವಿವರಿಸಿದೆ. ಅವರು ಎರಡೂ ವರದಿಗಳನ್ನು ಜೇಬಿನಲ್ಲಿಟ್ಟು ನೇರ ಕಾಫಿ ಅಂಗಡಿಗೆ ಹೋದರು. ಅಳತೆಯ ಜಗಳದಲ್ಲಿ ಅವರು ನಂಬುವ ಎದುರಾಳಿ ಅವನೊಬ್ಬನೇ. ವ್ಯಾಪಾರಿ ಕನ್ನಡಕ ಏರಿಸಿ 4.2 ನೋಡಿದ, 3.3 ನೋಡಿದ.

“ಸಾವ್ಕಾರ್ರೇ, ಎರಡನೇ ಸಲ ಚೆನ್ನಾಗಿ ಒಣಗಿಸಿ ತಗೊಂಡೋಗಿದ್ರಾ?”