ಲಕ್ಕುಂಡಿಗೆ ವೈರ್ ಬ್ರಷ್ ತರಬೇಡಿ: ಒಂದು ಸ್ಪಷ್ಟನೆ

ಗದಗ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶವೊಂದು ಓಡಾಡುತ್ತಿದೆ: ‘ಲಕ್ಕುಂಡಿ ಗುಡಿ ಸ್ವಚ್ಛ ಮಾಡೋಣ, ವೈರ್ ಬ್ರಷ್, ಆಸಿಡ್ ತರ್ರಿ. ಪುರಾತತ್ವ ಇಲಾಖೆ ದೇಣಿಗೆ ತಗೊಳ್ಳೂದಿಲ್ಲ, ನಮ್ಮ ಖಾತೆಗೇ ಹಾಕ್ರಿ.’

ಎರಡೂ ತಪ್ಪು.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಲ್ಲು ಬಳಪದ ಜಾತಿಯದು, ಮೃದು. ಅದಕ್ಕೇ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮ ಕುಸುರಿ ಸಾಧ್ಯವಾಯಿತು. ಅದೇ ಕಾರಣಕ್ಕೆ ತಂತಿಯ ಬ್ರಷ್ ಒಂದು ಸಲ ಉಜ್ಜಿದರೂ ಗೆರೆ ಬೀಳುತ್ತದೆ, ಕೆತ್ತಿದ ಬಳ್ಳಿಯ ಅಂಚು ಸವೆಯುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಒಳ್ಳೆಯ ಮನಸ್ಸಿನಿಂದ ಬಂದ ಹುಡುಗರು ಇದರಲ್ಲಿ ಸಿಕ್ಕಿಕೊಳ್ಳಬಾರದು ಎಂಬುದೇ ನನ್ನ ಕಳವಳ.

ಇನ್ನು ಹಣ. ಅದೇ ಕಾಯ್ದೆ ಸ್ಮಾರಕಗಳ ನಿರ್ವಹಣೆಗೆ ಸ್ವಯಂಪ್ರೇರಿತ ದೇಣಿಗೆ ಸ್ವೀಕರಿಸಲು ಅವಕಾಶ ಕೊಟ್ಟಿದೆ. ಯಾವ ಉದ್ದೇಶಕ್ಕೆ ಕೊಟ್ಟಿರೋ ಅದಕ್ಕೇ ಬಳಸಬೇಕು. ಪರಂಪರೆಯ ರಕ್ಷಣೆಗೆ ದೇಣಿಗೆ ಪಡೆಯಲು ಕೇಂದ್ರ ಸರ್ಕಾರ 1996ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿಯೂ ಇದೆ. ಖಾಸಗಿ ಖಾತೆಗೆ ಹಾಕುವ ಅಗತ್ಯವೇ ಇಲ್ಲ. ದಾನ ಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರಿದು, ಆ ದಾನವೂ ಶಾಸನದಲ್ಲಿ ದಾಖಲಾಗಿದೆ. ಕೊಡುವವರು ರಸೀದಿ ಕೇಳುವುದರಲ್ಲಿ ಸಂಕೋಚವೇಕೆ?

ಕೈಯಾರೆ ದುಡಿಯುವವರಿಗೆ ಧಾರವಾಡದ ಪುರಾತತ್ವ ವೃತ್ತ ಕಚೇರಿಯ ಅನುಮತಿ ಪಡೆದು, ಸಿಬ್ಬಂದಿ ತೋರಿಸಿದ ಕಡೆ ಆವರಣದ ಕಸ, ಪ್ಲಾಸ್ಟಿಕ್ ಆರಿಸುವ ಕೆಲಸವಿದೆ. ನಿಮ್ಮೂರಿನ ಹೊಲದ ಬದುವಿನಲ್ಲಿ ವೀರಗಲ್ಲು, ಶಾಸನ ಬಿದ್ದಿದ್ದರೆ ಸುಣ್ಣ, ಎಣ್ಣೆ ಹಚ್ಚದೆ, ಜಾಗದಿಂದ ಕದಲಿಸದೆ ಫೋಟೊ ತೆಗೆದು ಇಲಾಖೆಗೆ ತಿಳಿಸಿ.

ಆ ಸಂದೇಶ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನು ಕಳಿಸಿ.