ಗಾರೆ ಗೋಡೆಗೆ ಸಿಮೆಂಟ್ ಬೇಡ
ಹಳೇ ಮನೆ ಗೋಡೆ ಬಿರುಕು ಬಿಟ್ರೆ ಸಿಮೆಂಟ್ ಮೆತ್ತಿ ಅಂತ ಬರ್ದಿದೀರಲ್ಲ, ಅದೊಂದು ಮಾತ್ರ ಒಪ್ಪಕ್ಕಾಗಲ್ಲ ಸಾರ್. ಈಗ ನಾವು ಸಾಮಾನ್ಯವಾಗಿ ಸಿಮೆಂಟ್ ಅನ್ನೋ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ, ಅದಕ್ಕಿಂತ ಹಳೇ ಗೋಡೆಗಳು ಹೆಚ್ಚಾಗಿ ಸುಣ್ಣದ ಗಾರೆ ಇಲ್ಲಾ ಮಣ್ಣಿಂದು, ಒಳಗಿನ ತೇವ ಆ ಗಾರೆ ಮೂಲಕಾನೇ ಹೊರಗೆ ಹೋಗ್ತಿರುತ್ತೆ, ಮೇಲೆ ಸಿಮೆಂಟ್ ಬಳಿದ್ರೆ ನೀರು ಅಲ್ಲೇ ಸಿಕ್ಕಾಕೊಂಡು ಉಪ್ಪು ಕಟ್ಟಿ ಇಟ್ಟಿಗೆ ಮುಖಾನೇ ಪುಡಿಪುಡಿಯಾಗಿ ಉದುರುತ್ತೆ. ಗಾರೆ ಹೋದ್ರೆ ಮತ್ತೆ ತುಂಬ್ಬೋದು, ಇಟ್ಟಿಗೇನೇ ಹೋದ್ರೆ ಏನ್ ಮಾಡ್ತೀರಾ? ಇನ್ನು ಹೆರಿಟೇಜ್ ಏರಿಯಾದಲ್ಲಿ, ಅಂದ್ರೆ ಹಳೇ ಕಟ್ಟಡಗಳನ್ನ ಹಾಗೇ ಉಳಿಸ್ಬೇಕು ಅಂತ ಗುರುತಿಸಿರೋ ಜಾಗದಲ್ಲಿ, ಕಿಟಕಿ ಬದಲಾಯಿಸಕ್ಕೂ ಪರ್ಮಿಷನ್ ಕೇಳ್ತಾರೆ ಅಂತ ಗೊಣಗೋರಿಗೆ (ನಾನೂ ಗೊಣಗಿದೀನಿ ಬಿಡಿ) ಹೇಳೋದಿಷ್ಟೇ, ಮರದ ಕಿಟಕಿಲಿ ಕೊಳೆತ ಭಾಗ ಮಾತ್ರ ಕತ್ತರಿಸಿ ಹೊಸ ತುಂಡು ಜೋಡಿಸ್ಬೋದು, ಪ್ಲಾಸ್ಟಿಕ್ ಫ್ರೇಮ್ ಬಿರುಕು ಬಿಟ್ರೆ ಸಾಮಾನ್ಯವಾಗಿ ಪೂರ್ತಿ ಕಿತ್ತು ಬಿಸಾಕೋದೇ.