ಮಕ್ಕಳ ಮಾತು ಬಾರದೆ ಪಾಠ ಮಾಡುವುದು ಹೇಗೆ?

ಥಾಯ್ಲೆಂಡಿನ ಉಬೊನ್ ರಾಚಥಾನಿಯಲ್ಲಿ ಇಂಗ್ಲಿಷ್ ಟೀಚರಾಗಿ ಎರಡು ವರ್ಷ ಮುಗಿಸಿ, ರಜೆಗೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕದ ಮನೆಗೆ ಬಂದಿದ್ದೇನೆ. ಸಂಬಳ ಎಷ್ಟು, ಗಲ್ಫ್ ಬಿಟ್ಟು ಅಲ್ಲಿಗೆ ಯಾಕೆ, ಊಟಕ್ಕೆ ಏನು ಮಾಡುತ್ತೀ ಎಂದು ನೆಂಟರೆಲ್ಲ ಕೇಳಿಯಾಯಿತು. ಊಟದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮ ಕುಚ್ಚಲಕ್ಕಿ ಅನ್ನ ಅಲ್ಲಿಲ್ಲ. ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಬಿದಿರಿನ ಪುಟ್ಟ ಬುಟ್ಟಿಯಲ್ಲಿಟ್ಟು, ಕೈಯಲ್ಲಿ ಉಂಡೆ ಮಾಡಿ ತಿನ್ನುತ್ತಾರೆ. ಸಸ್ಯಾಹಾರಿಗಳು ‘ಜೇ’ ಎಂಬ ಶಬ್ದವನ್ನು ಮರೆಯಬಾರದು. ಮರೆತರೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 90 ದಿನಕ್ಕೊಮ್ಮೆ ವಲಸೆ ಕಚೇರಿಗೆ ವಿಳಾಸ ತಿಳಿಸಬೇಕು. ಇವೆಲ್ಲ ಒಂದು ಮಳೆಗಾಲ ಕಳೆಯುವುದರೊಳಗೆ ರೂಢಿಯಾಗುತ್ತವೆ.

ನನಗೆ ಹೇಳಲಿಕ್ಕಿರುವುದು ಬೇರೆ ಮಾತು.

ಉಬೊನ್ ಇರುವ ಈಶಾನ್ಯ ಭಾಗಕ್ಕೆ ‘ಇಸಾನ್’ ಎಂದು ಹೆಸರು. ನಮ್ಮ ಈಶಾನ್ಯವೇ. ಅಲ್ಲಿನ ಮಕ್ಕಳು ಮನೆಯಲ್ಲಿ ಆಡುವುದು ಲಾವೋಸಿನ ಮಾತಿಗೆ ಹತ್ತಿರವಾದ ಇಸಾನ್, ಶಾಲೆಯಲ್ಲಿ ಓದುವುದು ಥಾಯ್, ಅದರ ಮೇಲೆ ನಾನು ಹೊತ್ತುಕೊಂಡು ಹೋದ ಇಂಗ್ಲಿಷ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದ ನನಗೆ ಆ ಮಕ್ಕಳ ಮುಖ ಮೊದಲ ದಿನವೇ ಗುರುತು ಸಿಕ್ಕಿತು.

ಒಂದು ದಿನ ‘ಹಾಟ್’ ಎಂಬ ಶಬ್ದ ಕಲಿಸುತ್ತಿದ್ದೆ. ಬಿಸಿಗೆ ಥಾಯ್‌ನಲ್ಲಿ ‘ರೋನ್’. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಹೋನ್’ ಎಂದಳು. ಎಂದವಳೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದ ಹುಡುಗರು ನಕ್ಕರು. ಥಾಯ್‌ನ ಎಷ್ಟೋ ಶಬ್ದಗಳ ‘ರ’ ಇಸಾನ್‌ನಲ್ಲಿ ‘ಹ’ ಆಗುತ್ತದೆ: ಪ್ರೀತಿಗೆ ಥಾಯ್‌ನಲ್ಲಿ ‘ರಕ್’, ಇಸಾನ್‌ನಲ್ಲಿ ‘ಹಕ್’. ಮಲಯಾಳದ ‘ಪಾಲ್’ ಕನ್ನಡದಲ್ಲಿ ‘ಹಾಲು’ ಆಗುವುದನ್ನು ಕೇಳುತ್ತಲೇ ದೊಡ್ಡವಳಾದ ನನಗೆ ಅದರಲ್ಲಿ ತಪ್ಪೇನೂ ಕಾಣಿಸಲಿಲ್ಲ. ಹಲಗೆಯಲ್ಲಿ ಮೂರು ಸಾಲು ಎಳೆದು, ಮೊದಲಿನದರಲ್ಲಿ ಇಂಗ್ಲಿಷ್, ಎರಡನೆಯದರಲ್ಲಿ ಥಾಯ್ ಬರೆದೆ. ಮೂರನೆಯದನ್ನು ತುಂಬಲು ಅವಳ ಕೈಗೇ ಸೀಮೆಸುಣ್ಣ ಕೊಟ್ಟೆ. ಅವಳು ಬರೆದು ಮುಗಿಸುವ ತನಕ ತರಗತಿಯಲ್ಲಿ ಸದ್ದಿಲ್ಲ. ಆಮೇಲೆ ‘ಹಾಟ್’ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳೂ ಅವಳೇ.

ಅದಕ್ಕಾಗಿ ನಾನು ಅವರ ಅಕ್ಷರ ಕಲಿಯಲೇಬೇಕಾಯಿತು. ಥಾಯ್‌ನಲ್ಲಿ 44 ವ್ಯಂಜನಗಳಿವೆ, ಆದರೆ ಸಾಲು ನಮ್ಮದೇ: ಕ, ಖ ಎಂದು ಹೊರಟು ಙಕಾರ ಮುಟ್ಟಿ ಚಕಾರಕ್ಕೆ ದಾಟುತ್ತದೆ. ಕಷ್ಟವಿರುವುದು ದನಿಯ ಐದು ಬಗೆಯ ಏರಿಳಿತದಲ್ಲಿ. ‘ಮಾ’ ಎಂಬ ಒಂದೇ ಉಲಿ ರಾಗ ಬದಲಾದಂತೆ ‘ಬಾ’, ‘ಕುದುರೆ’, ‘ನಾಯಿ’ ಆಗುತ್ತದೆ. ಅಲ್ಲಿನ ಮಕ್ಕಳು ‘ಬಾಲ್’ ಅನ್ನು ‘ಬಾನ್’ ಎನ್ನುವುದು ಉದಾಸೀನದಿಂದಲ್ಲ, ಅವರ ಭಾಷೆಯಲ್ಲಿ ಶಬ್ದದ ಕೊನೆಗೆ ಲಕಾರ ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದದ್ದು ಹೀಗೆ ಕಲಿಯಲು ಕುಳಿತಾಗ. ನಾವು ಬಸ್ಸಿಗೂ ಕಾರಿಗೂ ಉಕಾರ ಸೇರಿಸುವವರಲ್ಲವೇ? ಕೆಲಸದ ಜಾಹೀರಾತುಗಳಲ್ಲಿ ‘ನೇಟಿವ್ ಸ್ಪೀಕರ್’ಗಳೇ ಬೇಕೆಂದು ಬರೆಯುವವರಿಗೆ ನಾನು ಹೇಳುವುದು ಇಷ್ಟೇ: ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂದು ಗೊತ್ತಿರುತ್ತದೆ.

ಇದನ್ನೆಲ್ಲ ಬರೆಯುವಾಗ ನನ್ನ ಏಳನೆಯ ತರಗತಿ ನೆನಪಾಗುತ್ತದೆ. ಕನ್ನಡ ಮಾಧ್ಯಮದ ಶಾಲೆ. ಗಣಿತಕ್ಕೆ ಬಂದ ಮಾಷ್ಟ್ರಿಗೆ ಮಲಯಾಳ ಬಿಟ್ಟು ಬೇರೆ ಬಾರದು. ಅವರು ‘ಹರಣಂ’ ಎಂದಾಗ ನಮಗೆ ಗೊತ್ತಿದ್ದದ್ದು ಯಕ್ಷಗಾನದ ಸೀತಾಪಹರಣ ಮಾತ್ರ. ಅದು ಭಾಗಾಕಾರ ಎಂದು ತಿಳಿಯಲು ಮೂರು ದಿನ ಬೇಕಾಯಿತು. ಅರ್ಥವಾಗಲಿಲ್ಲ ಎಂದು ಕನ್ನಡದಲ್ಲಿ ಕೇಳಿದರೆ ಅವರಿಗೆ ನಮ್ಮ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಒಳ್ಳೆಯ ಮನುಷ್ಯರು. ತರಗತಿಯಲ್ಲಿ ಅವರ ಹಣೆ ಬೆವರುತ್ತಿದ್ದುದನ್ನು ನಾನು ನೋಡಿದ್ದೇನೆ. ಅವರನ್ನು ಅಲ್ಲಿಗೆ ಕಳಿಸಿದವರದ್ದೇ ತಪ್ಪು. ಕೇಳಿ ಕೇಳಿ ಬೇಸತ್ತ ನಾವು ಕೊನೆಗೆ ಕೇಳುವುದನ್ನೇ ಬಿಟ್ಟೆವು. ಆ ವರ್ಷ ಕಳೆದುಕೊಂಡ ಗಣಿತ ನನಗೆ ಮತ್ತೆ ಕೈಹತ್ತಲಿಲ್ಲ.

1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಗಡಿ ಎಲ್ಲಿ ಎಳೆದರು ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಮಲಯಾಳದ ಮೇಲೆ ನನಗೆ ದ್ವೇಷವಿಲ್ಲ, ನನ್ನ ಅರ್ಧ ಗೆಳತಿಯರು ಆ ಭಾಷೆಯವರು. ಆದರೆ ಕನ್ನಡ ಮಾಧ್ಯಮದ ಮಕ್ಕಳ ಎದುರು ಕನ್ನಡ ಬಾರದವರನ್ನು ನಿಲ್ಲಿಸುವುದು ಅನ್ಯಾಯ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಪರದೇಶದವಳಾದ ನಾನೇ ಒಂದು ವರ್ಷದಲ್ಲಿ ಪಾಠಕ್ಕೆ ಬೇಕಾದಷ್ಟು ಥಾಯ್ ಕಲಿಯಬಹುದಾದರೆ, ತೆಂಕಣ ಮಲಯಾಳದ ಊರುಗಳಿಂದ ಚಂದ್ರಗಿರಿ ಹೊಳೆ ದಾಟಿ ಬರುವವರು ಕನ್ನಡ ಕಲಿಯಲಾಗದೇ?

ಉಬೊನಿನಲ್ಲಿ ಗುರುವಂದನೆಯ ದಿನವಿದೆ, ‘ವಾಯ್ ಖ್ರೂ’ ಎನ್ನುತ್ತಾರೆ. ಖ್ರೂ ಎಂದರೆ ಗುರು. ಬಹುಮಟ್ಟಿಗೆ ಗುರುವಾರವೇ ನಡೆಯುತ್ತದೆ. ಮಕ್ಕಳು ಗರಿಕೆ, ಬದನೆ ಹೂ, ನಮ್ಮ ಗುಡ್ಡದಲ್ಲಿ ಬಿಡುವಂಥದೇ ಕೇಪಳ ಹೂ ತಂದು ಮೊಣಕಾಲೂರಿ ಕೊಡುತ್ತಾರೆ. ಮೊದಲ ವರ್ಷ ಆ ಕೇಪಳದ ಗೊಂಚಲು ಕೈಗೆ ಬಂದಾಗ ನನಗೆ ಅಳು ಬಂದಿತ್ತು. ಆಗಿನ್ನೂ ಆ ಮಕ್ಕಳ ಒಂದು ಮಾತೂ ನನಗೆ ಬರುತ್ತಿರಲಿಲ್ಲ.

ಈ ಸಲ ಬಿಸು ಹಬ್ಬಕ್ಕೆ (ನಮ್ಮ ಸೌರ ಯುಗಾದಿ) ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಈಗ ಆರನೆಯ ತರಗತಿ ಮುಗಿಸಿದ್ದಾಳೆ. “ಅಕ್ಕಾ, ನಮ್ಮ ಹೊಸ ಟೀಚರಿಗೆ ಕನ್ನಡ ಬರುವುದಿಲ್ಲ” ಎಂದಳು. ಇಷ್ಟು ವರ್ಷಗಳ ಮೇಲೂ ಅದೇ ಮಾತು!

ಮೇ ಎರಡನೆಯ ವಾರದ ತನಕ ನಾನು ಊರಿನಲ್ಲೇ ಇರುತ್ತೇನೆ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಕೆಲಸದಲ್ಲಿರುವ, ಕನ್ನಡ ಕಲಿಯಲು ಮನಸ್ಸಿರುವ ಟೀಚರುಗಳು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಅವರಿಗೆ ಇದನ್ನು ತಿಳಿಸಿ. ಸಂಜೆ ಅವರ ಮನೆಗೇ ಹೋಗಿ ಕಲಿಸುತ್ತೇನೆ. ಹಣ ಬೇಡ. ‘ಭಾಗಾಕಾರ’ದಿಂದ ಶುರು ಮಾಡೋಣ.